ಚೀನಾದ ಪುಡಿ, ಸ್ವೀಡನ್ನಿನ ಕುಲುಮೆ

ಚೀನಾ ದೊಡ್ಡ ಶಕ್ತಿಯಾಗಿ ಬೆಳೆದದ್ದನ್ನು ಹೆಚ್ಚಿನವರು ಟಿ.ವಿ.ಯಲ್ಲಿ ನೋಡಿದ್ದಾರೆ. ನಾಯಕರು ಕೈ ಕುಲುಕುವುದು, ಸಮುದ್ರದಲ್ಲಿ ಯುದ್ಧನೌಕೆ, ಸುಂಕದ ಜಗಳ. ನನಗೆ ಅದು ಕಾಣಿಸಿದ್ದು ನಮ್ಮ ಕಾರ್ಖಾನೆಯ ಹಿಂಬಾಗಿಲಲ್ಲಿ, ಲಾರಿಯಿಂದ ಇಳಿಯುತ್ತಿದ್ದ ಕಬ್ಬಿಣದ ಡ್ರಮ್ಮುಗಳಲ್ಲಿ. ಒಳಗೆ ಬೂದು ಬಣ್ಣದ ಪುಡಿ. ಚಿಕ್ಕ ಡ್ರಮ್ಮು ಎಂದು ಒಬ್ಬರೇ ಎತ್ತಲು ಹೋದವರು ಸೊಂಟ ಹಿಡಿದುಕೊಂಡು ಕೂರುತ್ತಿದ್ದರು. ಅಷ್ಟು ಭಾರ.

ಆ ಪುಡಿ ಟಂಗ್‌ಸ್ಟನ್ ಕಾರ್ಬೈಡ್. ಟಂಗ್‌ಸ್ಟನ್ ಎನ್ನುವುದು ಸ್ವೀಡಿಷ್ ಭಾಷೆಯಿಂದಲೇ ಬಂದ ಹೆಸರು. ಭಾರದ ಕಲ್ಲು ಎಂದು ಅರ್ಥ. ತಮಾಷೆಯೆಂದರೆ ಸ್ವೀಡನ್ನಿನವರು ಅದನ್ನು ವೋಲ್ಫ್ರಾಮ್ ಎನ್ನುತ್ತಾರೆ. ಹೆಸರು ಕೊಟ್ಟದ್ದು ಇವರು, ಕಲ್ಲು ಇರುವುದು ಹೆಚ್ಚಾಗಿ ಚೀನಾದಲ್ಲಿ. ನನ್ನ ಇಡೀ ಉದ್ಯೋಗ ಈ ಎರಡರ ನಡುವೆ ಕಳೆಯಿತು.

ನಾನು ಸುಮಿತ್ರಾ. ಹುಟ್ಟಿದ್ದು ಭದ್ರಾವತಿಯಲ್ಲಿ, ಲೋಹಶಾಸ್ತ್ರ ಓದಿದ್ದು ಸುರತ್ಕಲ್‌ನಲ್ಲಿ, ಪಿಎಚ್.ಡಿ. ಸ್ಟಾಕ್‌ಹೋಮ್‌ನಲ್ಲಿ. ಆಮೇಲೆ ಕೆಲಸಕ್ಕೆ ಸೇರಿದ್ದು ಸ್ವೀಡನ್ನಿನಲ್ಲೇ, ಸ್ಯಾಂಡ್‌ವಿಕೆನ್ ಪಟ್ಟಣದ ಹೊರಗಿನ ಒಂದು ಚಿಕ್ಕ ಕಾರ್ಖಾನೆಗೆ. ಸ್ಯಾಂಡ್‌ವಿಕೆನ್ ಎಂದ ಕೂಡಲೇ ಎಲ್ಲರೂ ಅಲ್ಲಿನ ದೊಡ್ಡ ಉಕ್ಕಿನ ಕಂಪನಿಯ ಹೆಸರು ಹೇಳುತ್ತಾರೆ. ನಮ್ಮದು ಅದಲ್ಲ. ಬಂಡೆ ಕೊರೆಯುವ ಬಿಟ್‌ಗಳನ್ನು ಮಾಡುವ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಹಿಡಿಸುವಷ್ಟು ಸಣ್ಣ ಕಂಪನಿ. ಬಿಟ್ ಎಂದರೆ ಕೊರೆಯುವ ಸಲಾಕೆಯ ತುದಿಗೆ ಕೂರಿಸುವ ಉಕ್ಕಿನ ತಲೆ. ಆ ತಲೆಯ ಮೇಲೆ ಹಲ್ಲಿನಂತೆ ಕೂತ ಗಟ್ಟಿ ಬಟನ್‌ಗಳಿರುತ್ತವೆ. ಪುಡಿಯನ್ನು ಅಂಟಿನಂತೆ ಹಿಡಿದಿಡುವ ಕೋಬಾಲ್ಟ್ ಲೋಹದ ಜೊತೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿದರೆ ಬಟನ್ ಆಗುತ್ತದೆ. ಅವು ಯಾಕೆ ಮುರಿಯುತ್ತವೆ ಎಂದು ಕಂಡುಹಿಡಿಯುವುದು ನನ್ನ ಕೆಲಸವಾಗಿತ್ತು. ಈ ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳುತ್ತೇನೆ: ಮುರಿದದ್ದನ್ನು ನೋಡುವ ಕೆಲಸ ಸಿಕ್ಕರೆ ಬಿಡಬೇಡಿ. ಕಂಪನಿಯ ಒಳಹೊರಗು ಅಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ನನ್ನ ಮೇಲಧಿಕಾರಿ ಯೋರಾನ್. ಎತ್ತರದ ಮನುಷ್ಯ, ಆಫೀಸಿನಲ್ಲಿ ಉಣ್ಣೆ ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ನಾನು ಮೊದಲ ವಾರ ಪೂರ್ತಿ 'ಸರ್' ಎಂದೆ. ಶುಕ್ರವಾರದ ಫೀಕಾದಲ್ಲಿ, ಅಂದರೆ ಇಲ್ಲಿಯ ಕಾಫಿ ವಿರಾಮದಲ್ಲಿ, ಅವರು ಏಲಕ್ಕಿ ಬನ್ನಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಸರ್ ಅಂತ ಕರೆದ್ರೆ ನಮ್ಮಪ್ಪ ಎದ್ದು ಬಂದ್ರೇನೋ ಅಂತ ತಿರುಗಿ ನೋಡ್ತೀನಿ. ಯೋರಾನ್ ಅನ್ನು" ಎಂದರು. ಬಾಯಲ್ಲಿ ಯೋರಾನ್ ಎಂದೆ. ಕನ್ನಡದಲ್ಲಿ ಯೋಚಿಸುವಾಗ ಅವರು ಇಂದಿಗೂ ನನಗೆ ಬಹುವಚನವೇ.

ಚೀನಾದಿಂದ ಮೊದಲ ತಂಡ ಬಂದದ್ದು ನಾನು ಸೇರಿದ ಹೊಸತರಲ್ಲಿ. ನಮಗೆ ಪುಡಿ ಮಾರುತ್ತಿದ್ದ ಹುನಾನ್ ಪ್ರಾಂತ್ಯದ ಕಂಪನಿಯವರು. ಒಂದೇ ಬಣ್ಣದ ಕೋಟು, ಎಲ್ಲರ ಕೈಯಲ್ಲೂ ಕ್ಯಾಮೆರಾ. ಒತ್ತುಯಂತ್ರ, ಕುಲುಮೆ, ಗೋಡೆಯ ಮೇಲಿನ ಸೂಚನೆ, ಎಲ್ಲದರ ಚಿತ್ರ ತೆಗೆದರು. ನಾನು ಯೋರಾನ್ ಕಿವಿಯಲ್ಲಿ, ಇದನ್ನು ತಡೆಯಬಾರದೇ ಎಂದು ಕೇಳಿದೆ.

"ತೆಗೀಲಿ ಬಿಡು. ಫೋಟೋದಲ್ಲಿ ಅನುಭವ ಬರೋದಿಲ್ಲ. ನಮ್ಮ ಮಟ್ಟಕ್ಕೆ ಬರೋಕೆ ಅವರಿಗೆ ಇನ್ನೊಂದು ತಲೆಮಾರು ಬೇಕು."

ಅದರಲ್ಲಿ ಸೊಕ್ಕೂ ಇತ್ತು, ಔದಾರ್ಯವೂ ಇತ್ತು. ಆ ದಿನಗಳ ಯುರೋಪು ಹಾಗೇ ಇತ್ತು. ಚೀನಾ ಎಂದರೆ ಅಗ್ಗದ ಕಚ್ಚಾ ಸಾಮಾನು, ನಾವು ಎಂದರೆ ಬುದ್ಧಿ. ಈ ಏರ್ಪಾಡು ಹೀಗೇ ಮುಂದುವರಿಯುತ್ತದೆ ಎಂದು ಫೀಕಾ ಮೇಜಿನ ಸುತ್ತ ಕೂತ ಒಬ್ಬರಿಗೂ ಸಂದೇಹವಿರಲಿಲ್ಲ.

ಆ ತಂಡದಲ್ಲಿ ಲಿನ್ ಎಂಬ ಎಂಜಿನಿಯರ್ ಇದ್ದಳು. ಹೆಚ್ಚುಕಮ್ಮಿ ನನ್ನ ವಯಸ್ಸು. ಅವಳ ಹತ್ತಿರ ಕ್ಯಾಮೆರಾ ಇರಲಿಲ್ಲ. ಎಲ್ಲರೂ ಕುಲುಮೆಯ ಮುಂದೆ ನಿಂತಿದ್ದಾಗ ನನ್ನ ಪಕ್ಕ ಬಂದು ಬಿಡಿಬಿಡಿ ಇಂಗ್ಲಿಷಿನಲ್ಲಿ, "ಕೆಟ್ಟುಹೋದ ಮಾಲು ಎಲ್ಲಿಡ್ತೀರಿ? ಅದನ್ನ ನೋಡಬಹುದಾ?" ಎಂದು ಕೇಳಿದಳು. ನಾನು ಅವಳನ್ನು ನನ್ನ ಕೋಣೆಗೆ ಕರೆದೊಯ್ದೆ. ಬಿರುಕು ಬಿಟ್ಟ ಬಟನ್‌ಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಇದು ಯಾಕೆ, ಅದು ಯಾಕೆ ಎಂದು ಕೇಳುತ್ತ ಹೋದಳು. ಊಟಕ್ಕೆ ಕರೆದರೂ ಏಳಲಿಲ್ಲ. ಇನ್ನೊಂದು ತಲೆಮಾರು ಬೇಕಾಗುವುದಿಲ್ಲ ಎಂದು ನನಗೆ ಆವತ್ತೇ ಅನ್ನಿಸಿತು. ಯೋರಾನ್‌ಗೆ ಹೇಳಿದೆ. ಅವರು ನಕ್ಕರು.

ಕೆಲವು ವರ್ಷಗಳ ನಂತರ ಲಿನ್ ಬೇರೆ ಕಂಪನಿ ಸೇರಿ, ಸುರಂಗ ಕೊರೆಯುವ ದೊಡ್ಡ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಷ್ಟು ಹೊತ್ತಿಗೆ ಚೀನಾ ನಮ್ಮಿಂದ ಬಿಟ್ ಕೊಳ್ಳುವ ದೇಶವೂ ಆಗಿತ್ತು. ಬೆಟ್ಟ ಕಂಡಲ್ಲಿ ಸುರಂಗ, ಸುರಂಗ ಮುಗಿದಲ್ಲಿ ರೈಲು. ಅವಳಿಂದ ದೂರು ಬಂತು: ನಿಮ್ಮ ಬಿಟ್‌ಗಳು ಮುರಿಯುತ್ತಿವೆ. ಯೋರಾನ್, "ಓಡಿಸೋರಿಗೆ ತರಬೇತಿ ಇಲ್ಲ, ಅಷ್ಟೇ" ಎಂದು ಉತ್ತರಿಸಿದರು. ಲಿನ್ ಒಪ್ಪಲಿಲ್ಲ. ದೂರು ಬೆಳೆಯಿತು. ಆ ಗಿರಾಕಿ ಕೈತಪ್ಪಿದರೆ ನಮ್ಮ ಒಂದು ಪಾಳಿಯನ್ನೇ ನಿಲ್ಲಿಸಬೇಕಾಗುತ್ತಿತ್ತು. ಕೊನೆಗೆ ನನ್ನನ್ನು ಕಳಿಸಿದರು.

ಸುರಂಗದ ಬಾಯಲ್ಲಿ ಲಿನ್ ಹೆಲ್ಮೆಟ್ ಹಿಡಿದು ಕಾಯುತ್ತಿದ್ದಳು. ಅವಳ ಇಂಗ್ಲಿಷ್ ಈಗ ನನ್ನದಕ್ಕಿಂತ ಚುರುಕು. ಕೊರೆಯುವವರ ಪಕ್ಕ ನಿಂತು ನೋಡಿದೆ. ಅವರ ಕೆಲಸದಲ್ಲಿ ಒಂದು ತಪ್ಪೂ ಕಾಣಲಿಲ್ಲ. ನೀರು ಸರಿ, ಒತ್ತಡ ಸರಿ, ನಮ್ಮ ಕೈಪಿಡಿಯಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಿದ್ದರು. ಬಿಟ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಗೊತ್ತಾಯಿತು. ಬಟನ್‌ಗಳು ಸವೆದೇ ಇರಲಿಲ್ಲ, ಹೊಸದರಂತೆ ಹೊಳೆಯುತ್ತಿದ್ದವು. ಆದರೆ ಮೈಮೇಲೆಲ್ಲ ಹಾವಿನ ಚರ್ಮದಂತೆ ಸಣ್ಣ ಸಣ್ಣ ಬಿರುಕಿನ ಬಲೆ.

ವಿಷಯ ಇಷ್ಟೇ. ಕೊರೆಯುವಾಗ ಬಟನ್ ಕ್ಷಣಕ್ಷಣಕ್ಕೂ ಕಾಯುತ್ತದೆ, ತಣಿಯುತ್ತದೆ. ಅದರಿಂದ ಮೇಲ್ಪದರದಲ್ಲಿ ಬಿರುಕು ಹುಟ್ಟುತ್ತದೆ. ಸ್ವೀಡನ್ನಿನ ಗ್ರಾನೈಟ್ ಒರಟು, ಆ ಪದರವನ್ನು ಅದೇ ಉಜ್ಜಿ ತೆಗೆದುಬಿಡುತ್ತದೆ. ಇವರದು ಸುಣ್ಣಕಲ್ಲು, ಉಜ್ಜುವುದಿಲ್ಲ. ಬಿರುಕು ಹಾಗೇ ಉಳಿದು ಒಳಗಿಳಿಯುತ್ತದೆ. ನಮ್ಮ ಕೈಪಿಡಿ ಹೇಳುತ್ತಿದ್ದದ್ದು, ಬಟನ್ ಚಪ್ಪಟೆಯಾದಾಗ ಮಸೆಯಿರಿ ಎಂದು. ಇಲ್ಲಿ ಅವು ಚಪ್ಪಟೆಯಾಗುವುದೇ ಇಲ್ಲ, ಆದ್ದರಿಂದ ಯಾರೂ ಮಸೆದಿರಲಿಲ್ಲ. ನಮ್ಮ ಕಲ್ಲಿಗೆ ಬರೆದ ಮಾತನ್ನು ಇಡೀ ಜಗತ್ತಿನ ಕಲ್ಲಿಗೆ ಅನ್ವಯಿಸಿದ್ದೆವು.

ಸವೆಯಲಿ ಬಿಡಲಿ, ಪಾಳಿ ಮುಗಿದಾಗಲೆಲ್ಲ ಮಸೆಯಲು ಹೇಳಿದೆ. ವಾರದೊಳಗೆ ಮುರಿಯುವುದು ನಿಂತಿತು.

ಹೊರಡುವ ಹಿಂದಿನ ಸಂಜೆ ಲಿನ್ ಊಟಕ್ಕೆ ಕರೆದಳು. ನಾನು ಮಾಂಸ ತಿನ್ನುವುದಿಲ್ಲ ಎಂದು ಹೋಟೆಲಿನವರಿಗೆ ತಾನೇ ವಿವರಿಸಿ, ಬದನೆಕಾಯಿ, ತೋಫು, ಕಮಲದ ಬೇರು ತರಿಸಿದ್ದಳು. ಖಾರ ನಮ್ಮ ಸೂಜಿಮೆಣಸನ್ನು ನಾಚಿಸುವಂತಿತ್ತು.

"ನಮ್ಮಪ್ಪ ಟಂಗ್‌ಸ್ಟನ್ ಗಣಿಯಲ್ಲಿ ಕೆಲಸ ಮಾಡ್ತಿದ್ದರು," ಎಂದಳು. "ಅವರು ತೆಗೆದ ಅದಿರು ಮಣ್ಣಿನ ಬೆಲೆಗೆ ಹೊರಗೆ ಹೋಗ್ತಿತ್ತು. ಅದೇ ಅದಿರಿನಿಂದ ಮಾಡಿದ ಬಿಟ್‌ನ ನಿಮ್ಮಂಥವರ ಹತ್ರ ಕೊಂಡು ಮತ್ತೆ ಅದೇ ಗಣಿಯಲ್ಲಿ ಕೊರೀತಿದ್ರು. ನಮ್ಮ ತರಗತಿಯಲ್ಲಿ ಎಲ್ಲರ ಮನೇಲೂ ಇದೇ ಕಥೆ. ಇದು ನಮ್ಮ ಕಾಲಕ್ಕೆ ಮುಗೀಬೇಕು ಅಂತ ನಾವೆಲ್ಲ ಅಂದುಕೊಂಡೇ ಓದಿದ್ದು."

ನನಗೆ ನಮ್ಮ ಊರ ಕಡೆ ನೆನಪಾಯಿತು. ಆ ವರ್ಷಗಳಲ್ಲೇ ಬಳ್ಳಾರಿಯ ಕೆಂಪು ಅದಿರು ಲಾರಿಗಟ್ಟಲೆ ಬಂದರಿಗೆ ಹೋಗಿ, ಹಡಗು ಹತ್ತಿ, ಇದೇ ಚೀನಾದ ಕುಲುಮೆಗಳಿಗೆ ಬರುತ್ತಿತ್ತು. ನಮ್ಮ ಭದ್ರಾವತಿಯ ಕಾರ್ಖಾನೆಯ ಕುಲುಮೆ ಮಾತ್ರ ಉರಿಯುವುದಕ್ಕಿಂತ ಆರಿರುವುದೇ ಹೆಚ್ಚು. ಲಿನ್ ಹೇಳಿದ ಕಥೆಯಲ್ಲಿ ಅವಳ ಅಪ್ಪನ ಜಾಗದಲ್ಲಿ ಈಗ ನನ್ನ ನಾಡಿನವರು ನಿಂತಿದ್ದರು. ಅಸೂಯೆಯಾಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಅವಳ ಮೇಲಲ್ಲ, ಆ ಹಟದ ಮೇಲೆ. ಚೀನಾದವರು ಬರೀ ನಕಲು ಮಾಡಿ ಮೇಲೆ ಬಂದರು ಎಂದು ಇಲ್ಲಿ ಬಹಳ ಜನ ಹೇಳುತ್ತಾರೆ. ನಕಲು ಮಾಡಿದ್ದು ನಿಜ, ಕಣ್ಣಾರೆ ಕಂಡಿದ್ದೇನೆ. ಆದರೆ ನಕಲಿನಿಂದ ಅಷ್ಟು ದೂರ ಹೋಗಲಾಗುವುದಿಲ್ಲ. ಒಂದು ಇಡೀ ತರಗತಿ ಸಿಟ್ಟಿನಿಂದ ಓದಿದರೆ ಏನಾಗುತ್ತದೆಯೋ ಅದು ಅಲ್ಲಿ ಆಯಿತು.

ಸ್ವೀಡನ್ನಿಗೆ ಮರಳಿ ಯೋರಾನ್‌ಗೆ ಎಲ್ಲ ವಿವರಿಸಿದೆ. ಅವರು ಕೇಳಿ, "ಹಾಗಾದ್ರೆ ಕೈಪಿಡಿ ಬದಲಾಯಿಸು" ಎಂದರು. ತಪ್ಪಾಯಿತು ಎನ್ನಲಿಲ್ಲ. ಆದರೆ ಮರುದಿನ ಲಿನ್‌ಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರಂತೆ. ಅದು ನನಗೆ ಗೊತ್ತಾದದ್ದು ಲಿನ್‌ಳಿಂದ.

ಮುಂದೆ ಕೆಲ ವರ್ಷಗಳಿಗೆ ಚೀನಾದಲ್ಲೇ ಮಾಡಿದ ಬಿಟ್‌ಗಳು ಯುರೋಪಿನ ಮಾರುಕಟ್ಟೆಗೆ ಬಂದವು. ಬೆಲೆ ಬಹಳ ಕಡಿಮೆ. ನಮ್ಮ ಮಾರಾಟದವರು ಅವನ್ನು ಆಟಿಕೆ ಎಂದು ಕರೆದರು. ಮಾಲೀಕರು ಪರೀಕ್ಷೆ ಮಾಡಿಸಿ ಎಂದರು. ಅದು ನನ್ನ ಪಾಲಿಗೆ ಬಂತು. ಹತ್ತಿರದ ಕಲ್ಲುಗಣಿಯಲ್ಲಿ ಒಂದೇ ಬಂಡೆ, ಒಂದೇ ಯಂತ್ರ. ಎರಡೂ ಕಡೆಯ ಬಿಟ್‌ಗಳ ಗುರುತು ಅಳಿಸಿ ಬಣ್ಣ ಬಳಿಸಿದೆ. ಯಾವುದು ಯಾರದು ಎಂದು ಕೊರೆಯುವವನಿಗೆ ಗೊತ್ತಾಗಬಾರದು. ಚಳಿಗಾಲ ಪೂರ್ತಿ, ಮೂಗಿನ ತುದಿ ಮರಗಟ್ಟುವವರೆಗೆ ಅಲ್ಲೇ ನಿಂತಿದ್ದೆ. ಫಲಿತಾಂಶ ಬಂದಾಗ ಎರಡು ಸಲ ಪರಿಶೀಲಿಸಿದೆ. ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವರದಿಯ ಕೊನೆಗೆ ಅದನ್ನೇ ಬರೆದೆ.

ಯೋರಾನ್ ನನ್ನ ವರದಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಕೊನೇ ವಾಕ್ಯ ಬೇಕಾ?"

"ಅದೊಂದೇ ವಾಕ್ಯ ಬೇಕಾಗಿರೋದು, ಯೋರಾನ್. ಉಳಿದದ್ದೆಲ್ಲ ಅದಕ್ಕೆ ಆಧಾರ."

"ಸ್ವಲ್ಪ ಮೆತ್ತಗೆ ಬರೀಬಹುದಲ್ಲ? ಇನ್ನಷ್ಟು ಪರೀಕ್ಷೆ ಅಗತ್ಯ ಅಂತ. ಮಾಲೀಕರು ಇದನ್ನ ಓದಿದ್ರೆ ಕಾರ್ಖಾನೆ ಮುಚ್ಚೋ ಮಾತಾಡ್ತಾರೆ."

"ಬರೀಬಹುದು. ಆದ್ರೆ ಅದರ ಕೆಳಗೆ ನನ್ನ ಹೆಸರು ಇರಲ್ಲ."

ಅವರು ವರದಿಯನ್ನು ಎತ್ತಿ ತಮ್ಮ ಚೀಲದೊಳಗೆ ಇಟ್ಟುಕೊಂಡರು. ಕಾರ್ಖಾನೆ ಮುಚ್ಚಿದರೆ ನನ್ನ ಕೆಲಸವೂ ಹೋಗುತ್ತಿತ್ತು. ಆಗಷ್ಟೇ ಮನೆ ಕೊಂಡಿದ್ದೆವು. ಗಂಡ ರಾಘವೇಂದ್ರನಿಗೆ ದೂರದ ಉಪ್ಸಾಲಾದಲ್ಲಿ ಕೆಲಸ, ಮಗಳಿಗೆ ಆಗ ತಾನೇ ದಾಗಿಸ್, ಎಂದರೆ ಶಿಶುವಿಹಾರ, ಒಗ್ಗಿತ್ತು. ಈ ಊರಿನಲ್ಲಿ ನನ್ನ ವಿದ್ಯೆಗೆ ಇನ್ನೊಂದು ಕೆಲಸ ಸಿಗುವುದು ಸುಲಭವಿರಲಿಲ್ಲ. ಆದರೂ ಬರೆದದ್ದನ್ನು ಬದಲಾಯಿಸುವ ಯೋಚನೆ ಬರಲಿಲ್ಲ. ಬಂಡೆಯ ಮುಂದೆ ನಿಂತವಳು ನಾನು.

ಮಾಲೀಕರ ಸಭೆಯಲ್ಲಿ ಯೋರಾನ್ ಎದ್ದು ನಿಂತು, ಮೊದಲ ಮಾತಾಗಿ ಓದಿದ್ದು ನನ್ನ ಆ ಕೊನೆಯ ವಾಕ್ಯವನ್ನೇ. ಆಮೇಲೆ ಅವರು ಹೇಳಿದರು: "ಬಿಟ್‌ನಲ್ಲಿ ನಾವು ಇನ್ನು ಮುಂದೆ ಅವರನ್ನ ಮೀರಿಸೋದು ಕಷ್ಟ. ಗಣಿಯಲ್ಲಿ ಗಿರಾಕಿಯ ಪಕ್ಕ ನಿಂತು, ಅವನ ಕಲ್ಲಿಗೆ ತಕ್ಕ ಬಟನ್ ಮಾಡಿಕೊಡೋದು ನಮ್ಮ ಕೈಲಾಗತ್ತೆ. ಬರೀ ಬಿಟ್ ಮಾರೋ ಕಂಪನಿಯಾಗಿ ಉಳಿದ್ರೆ ಮುಗಿದ್ವಿ."

ಮುಚ್ಚುವ ಮಾತು ಬಂತು, ಹೋಯಿತು. ನಮ್ಮ ಅರ್ಧ ಜನ ಗಣಿಗಳಲ್ಲಿ ಓಡಾಡತೊಡಗಿದರು. ನಾನೂ ಉತ್ತರದ ಗಣಿಗಳಿಗೆ ರೈಲಿನಲ್ಲಿ ಹೋಗಿಬರುವವಳಾದೆ. ಕಂಪನಿ ಉಳಿಯಿತು, ಚೆನ್ನಾಗಿಯೇ ಉಳಿಯಿತು. ಯೋರಾನ್ ನಿವೃತ್ತರಾದಾಗ ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಎರಡು ಸಲ ಹಾಕಿಸಿಕೊಂಡರು.

ಒಂದು ಮಾತ್ರ ಬದಲಾಗಿರಲಿಲ್ಲ. ಪುಡಿ ಚೀನಾದಿಂದಲೇ ಬರುತ್ತಿತ್ತು.

ನನ್ನ ಉದ್ಯೋಗದ ಕೊನೆಯ ಭಾಗದಲ್ಲಿ ಅದೂ ಅಲ್ಲಾಡಿತು. ಅಮೆರಿಕ ಸುಂಕ ಏರಿಸಿತು, ಚೀನಾ ಟಂಗ್‌ಸ್ಟನ್ ರಫ್ತಿಗೆ ಪರವಾನಗಿ ಬೇಕು ಎಂದಿತು. ಎರಡು ದೈತ್ಯರ ಜಗಳದಲ್ಲಿ ನಮ್ಮ ಹೆಸರು ಯಾರ ಬಾಯಲ್ಲೂ ಇರಲಿಲ್ಲ, ಆದರೆ ನಮ್ಮ ಡ್ರಮ್ಮುಗಳು ಅವರ ಬಂದರಿನಲ್ಲಿ ನಿಂತವು. ಬೆಲೆ ಏರುತ್ತ ಹೋಯಿತು, ಎಷ್ಟು ಹಣ ಕೊಡುತ್ತೇವೆಂದರೂ ಮಾಲಿಲ್ಲ. ಯೋರಾನ್ ಜಾಗಕ್ಕೆ ಬಂದಿದ್ದ ಕರಿನ್ ಶಾಂತ ಸ್ವಭಾವದವಳು. ಅವಳೂ ದಿನಾ ಬೆಳಿಗ್ಗೆ ಗೋದಾಮಿಗೆ ಹೋಗಿ ಉಳಿದ ಡ್ರಮ್ಮುಗಳನ್ನು ನೋಡಿ ಬರತೊಡಗಿದಳು.

ನಾನು ಲಿನ್‌ಗೆ ಫೋನ್ ಮಾಡಿದೆ. ಅವಳು ಈಗ ದೊಡ್ಡ ಸಂಸ್ಥೆಯೊಂದರ ಸಲಹೆಗಾರ್ತಿ.

"ಲಿನ್, ನಮ್ಮ ಮಾಲು ಯಾವಾಗ ಬಿಡ್ತಾರೆ?"

"ಗೊತ್ತಿಲ್ಲ, ಸುಮಿತ್ರಾ. ಇದು ನಮ್ಮಂಥ ಎಂಜಿನಿಯರ್‌ಗಳ ಕೈಲಿಲ್ಲ. ಬೀಜಿಂಗ್‌ನಲ್ಲಿ ತೀರ್ಮಾನ ಆಗೋದು." ಆಮೇಲೆ ಹೇಳಿದಳು: "ಸ್ನೇಹಿತೆಯಾಗಿ ಒಂದು ಮಾತು ಹೇಳಲಾ? ಕಾಯ್ತಾ ಕೂರಬೇಡಿ."

ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮೊಮ್ಮಗನ ಫೋಟೋ ಕಳಿಸುತ್ತೇನೆ ಎಂದು ಫೋನಿಟ್ಟಳು. ಕಳಿಸಿದಳು ಕೂಡ.

ಆಗ ನನ್ನ ಜೊತೆಗಿದ್ದವಳು ಪಲ್ಲವಿ. ಬೆಂಗಳೂರಿನ ರಾಜಾಜಿನಗರದವಳು, ಇಲ್ಲೇ ಪಿಎಚ್.ಡಿ. ಮುಗಿಸಿ ನಮ್ಮಲ್ಲಿ ಸೇರಿದ್ದಳು. ಲಿನ್ ಹೇಳಿದ್ದನ್ನು ಕೇಳಿ ಅವಳು ತಕ್ಷಣ, "ಮೇಡಂ, ಹಳೇ ಬಿಟ್‌ಗಳೆಲ್ಲ ಎಲ್ಲಿ ಹೋಗ್ತಿವೆ? ಅದರಲ್ಲಿರೋದೂ ಟಂಗ್‌ಸ್ಟನ್ನೇ ಅಲ್ವಾ?" ಎಂದಳು.

ಗುಜರಿಯವರು ಒಯ್ಯುತ್ತಿದ್ದರು. ವಿಚಾರಿಸಿದರೆ ಬಹುಪಾಲು ಹಡಗು ಹತ್ತಿ ಏಷ್ಯಾಕ್ಕೆ ಹೋಗುತ್ತಿತ್ತು. ನಮ್ಮ ಸವೆದ ಬಟನ್‌ಗಳು ಪುಡಿಯಾಗಿ, ಮತ್ತೆ ನಮಗೇ ಮಾರಾಟವಾಗುತ್ತಿದ್ದರೂ ಆಶ್ಚರ್ಯವಿರಲಿಲ್ಲ.

ಅವನ್ನು ನಾವೇ ವಾಪಸ್ ಪಡೆದು ಪುಡಿ ಮಾಡಿಸೋಣ ಎಂದಾಗ ಕರಿನ್ ಒಪ್ಪಿದಳು. ಹಳೆಯ ಬಟನ್‌ಗಳನ್ನು ಕರಗಿದ ಸತುವಿನಲ್ಲಿ ಬಿಡಿಸಿ ಮತ್ತೆ ಪುಡಿ ಮಾಡುವ ವಿಧಾನ ಹೊಸದೇನಲ್ಲ. ದೊಡ್ಡ ಕಂಪನಿಗಳು ಮಾಡುತ್ತಲೇ ಇದ್ದವು. ನಮಗೆ ಅಷ್ಟು ದಿನ ಬೇಕಾಗಿರಲಿಲ್ಲ, ಅಷ್ಟೇ. ಹೊರಗೆ ಮಾಡಿಸಿ ತಂದ ಮೊದಲ ಪುಡಿಯಿಂದ ಬಟನ್ ಒತ್ತಿದೆವು. ಗಣಿಗೆ ಕಳಿಸಿದೆವು. ಮೊದಲ ಪಾಳಿಯಲ್ಲೇ ಪುಡಿಪುಡಿಯಾಗಿ ಮುರಿದವು. ಫೀಕಾ ಕೋಣೆಯಲ್ಲಿ ಒಬ್ಬರು, "ಗುಜರಿಯಿಂದ ಗುಜರಿಯೇ ಬರೋದು" ಎಂದರು. ಪಲ್ಲವಿ ಕಪ್ ಬಿಟ್ಟು ಎದ್ದು ಹೋದಳು.

ಪ್ರಯೋಗಾಲಯದಲ್ಲಿ ಮುರಿದ ಬಟನ್‌ಗಳನ್ನು ಹರಡಿಕೊಂಡು ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ನನ್ನಿಂದ ಆಗಿದ್ದು ಮೇಡಂ ಇದು. ನಾನು ಹೇಳ್ಬಾರ್ದಿತ್ತು."

"ಮುರಿದದ್ದು ಬಟನ್ನು, ನೀನಲ್ಲ. ಎಲ್ಲಿಂದ ಬಂದ ಬಿಟ್ ಇವು?"

"ಎಲ್ಲಾ ಕಡೆಯಿಂದ. ಎಲ್ಲಾ ಕಂಪನೀದೂ ಮಿಕ್ಸ್ ಆಗಿದೆ. ಒಂದೊಂದರಲ್ಲಿ ಕೋಬಾಲ್ಟ್ ಪ್ರಮಾಣ ಒಂದೊಂದು ಥರ..." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಬೆರೆಸೋಕೆ ಮುಂಚೇನೇ ಸಾರ್ಟ್ ಮಾಡ್ಬೇಕಿತ್ತು! ಮ್ಯಾಗ್ನೆಟಿಕ್ ಅಳತೆಯಲ್ಲಿ ಕೋಬಾಲ್ಟ್ ಎಷ್ಟಿದೆ ಅಂತ ಗೊತ್ತಾಗತ್ತಲ್ವಾ?"

"ಗೊತ್ತಾಗತ್ತೆ. ಆದ್ರೆ ಬೆಟ್ಟದಷ್ಟು ಬಟನ್ ಇಲ್ಲಿ ಕೂತು ಬೇರೆ ಮಾಡೋಕಾಗಲ್ಲ. ಗಣಿಯಲ್ಲೇ ಬೇರೆ ಆಗಿ ಬರಬೇಕು. ನಡಿ, ಹೋಗೋಣ."

ಇಬ್ಬರೂ ಉತ್ತರದ ಗಣಿಗೆ ಹೋದೆವು. ಅಲ್ಲಿಯ ವರ್ಕ್‌ಶಾಪ್ ಮುಖ್ಯಸ್ಥ ನನಗೆ ಹಳೆಯ ಪರಿಚಯ, ಆದರೂ ಮುಖ ಗಂಟು ಹಾಕಿದ. ನಮ್ಮ ಬಿಟ್, ಬೇರೆಯವರ ಬಿಟ್ ಎಂದು ಬೇರೆ ಬೇರೆ ಪೆಟ್ಟಿಗೆಗೆ ಹಾಕಲು ತನ್ನ ಜನರಿಗೆ ಪುರುಸೊತ್ತಿಲ್ಲ ಎಂದ. "ಇದರಿಂದ ನಮಗೇನು ಸಿಗತ್ತೆ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಪಲ್ಲವಿ ಸ್ವೀಡಿಷ್‌ನಲ್ಲಿ ಹೇಳಿದಳು: "ಬಿಟ್ ಸಿಗತ್ತೆ. ಮುಂದಿನ ಚಳಿಗಾಲಕ್ಕೆ ನಮ್ಮ ಹತ್ರ ಪುಡಿ ಇಲ್ಲದಿದ್ರೆ ನೀವು ಯಾತರಿಂದ ಕೊರೀತೀರಿ?"

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಜೋರಾಗಿ ನಕ್ಕು, ಹಳದಿ ಪೆಟ್ಟಿಗೆ ಯಾರದು, ನೀಲಿ ಪೆಟ್ಟಿಗೆ ಯಾರದು ಎಂದು ಅಲ್ಲೇ ನಿಂತು ತನ್ನವರಿಗೆ ಹೇಳಿಬಿಟ್ಟ.

ವಿಂಗಡಿಸಿದ ಬಿಟ್‌ಗಳಿಂದ ಮಾಡಿಸಿದ ಪುಡಿ ಬೇರೆಯೇ ಥರ ಬಂತು. ಒತ್ತಿದೆವು, ಕಾಯಿಸಿದೆವು, ಅದೇ ಗಣಿಗೆ ಕಳಿಸಿದೆವು. ಪಲ್ಲವಿ ಕೊರೆಯುವ ಯಂತ್ರದ ಹತ್ತಿರವೇ ನಿಂತಿದ್ದಳು. ನಾನು ಸ್ವಲ್ಪ ಹಿಂದೆ. ಸಲಾಕೆ ಕಲ್ಲಿನೊಳಗೆ ಇಳಿಯಿತು, ಹೊರಗೆ ಬಂತು, ಮತ್ತೆ ಇಳಿಯಿತು. ಪಾಳಿ ಮುಗಿದಾಗ ಬಿಟ್ ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಬಂದಳು. ಹಲ್ಲು ಒಂದೂ ಮುರಿದಿರಲಿಲ್ಲ. ಕಿವಿಗೆ ರಕ್ಷಾ ಕವಚ ಹಾಕಿದ್ದರಿಂದ ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಮುಖ ನೋಡಿದರೆ ಸಾಕಿತ್ತು.

ಮರುಬಳಕೆಯ ಪುಡಿಯಿಂದ ಕುಲುಮೆ ಉರಿಯುತ್ತ ಹೋಯಿತು. ಒಂದು ಪಾಳಿಯೂ ನಿಲ್ಲಲಿಲ್ಲ.

ಇಷ್ಟೆಲ್ಲ ಆದ ಮೇಲೆ, ನಾನು ನಿವೃತ್ತಳಾಗುವ ವಾರ ಚೀನಾದ ಪರವಾನಗಿ ಬಂತು. ಡ್ರಮ್ಮುಗಳು ಹಡಗು ಹತ್ತಿದವು. ನನ್ನ ಬೀಳ್ಕೊಡುಗೆಗೆ ಕರಿನ್ ಕೇಕ್ ತರಿಸಿದ್ದಳು. ಆದರೆ ಅದನ್ನು ಕೊಯ್ಯುವ ಮೊದಲೇ ಮೇಜಿನ ಸುತ್ತ ಸಭೆಯಾಗಿಹೋಯಿತು.

"ಈಗ ಅವರ ಪುಡಿ ಮರುಬಳಕೆಯದಕ್ಕಿಂತ ಸುಲಭವಾಗಿ, ಅಗ್ಗವಾಗಿ ಸಿಗತ್ತೆ," ಎಂದಳು ಕರಿನ್. "ಹಳೇ ಪದ್ಧತಿಗೆ ವಾಪಸ್ ಹೋಗೋಣವಾ? ಸುಮಿತ್ರಾ, ನೀವೇನಂತೀರಿ?"

ಹೇಳಲು ನನ್ನಲ್ಲಿ ಬಹಳ ಇತ್ತು. ಚೀನಾ ಕೆಟ್ಟದ್ದೆಂದು ಅಲ್ಲ. ಅಲ್ಲಿ ನನಗೆ ಆಪ್ತರಿದ್ದಾರೆ. ಒಂದು ದೇಶ ಅಷ್ಟು ದೊಡ್ಡದಾಗಿ ಬೆಳೆದಾಗ ಅದರ ಪಕ್ಕದಲ್ಲಿ ಕೂತು ವ್ಯಾಪಾರ ಮಾಡಬೇಕು, ಅದರ ಮಡಿಲಲ್ಲಿ ಕೂರಬಾರದು. ಇದನ್ನು ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿದ್ದಾಗ ಪಲ್ಲವಿ ಕುರ್ಚಿ ಮುಂದೆ ಎಳೆದುಕೊಂಡಳು.

"ಕೊಳ್ಳೋಣ. ಅವರ ಪುಡಿ ಒಳ್ಳೇದು. ಆದರೆ ಕುಲುಮೆಗೆ ಅರ್ಧ ಮಾತ್ರ ಅದು. ಇನ್ನರ್ಧ ಗಣಿಯಿಂದ ಬರಬೇಕು, ಬೆಲೆ ಹೆಚ್ಚಾದರೂ ಸರಿ. ಆ ಪೆಟ್ಟಿಗೆಗಳು ಒಂದು ಸಲ ನಿಂತರೆ ಮತ್ತೆ ಶುರು ಮಾಡೋಕೆ ಗಣಿಯವರು ಒಪ್ಪಲ್ಲ."

"ಬೆಲೆಗೆ ಮಾಲೀಕರು ಏನಂತಾರೋ," ಎಂದು ಕರಿನ್ ನನ್ನ ಕಡೆ ತಿರುಗಿದಳು.

"ನನ್ನನ್ನು ಯಾಕೆ ನೋಡ್ತೀರಿ? ನಾಳೆಯಿಂದ ನಾನಿಲ್ಲ. ಅವಳನ್ನ ಕೇಳಿ."

ಕರಿನ್ ಅವಳನ್ನೇ ಕೇಳಿದಳು. ಪಲ್ಲವಿ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತ ಹೋದಳು. ಎಲ್ಲೂ ದನಿ ಏರಿಸಲಿಲ್ಲ, ಎಲ್ಲೂ ಹಿಂದೆ ಸರಿಯಲಿಲ್ಲ. ಕೊನೆಗೆ ಕರಿನ್ ತಲೆಯಾಡಿಸಿ, ಅರ್ಧ ಮಾಲಿಗಷ್ಟೇ ಆರ್ಡರ್ ಹಾಕಲು ಅವಳಿಗೇ ಒಪ್ಪಿಸಿದಳು. ಅಷ್ಟು ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಯಾರಿಗೂ ಕೇಕ್ ನೆನಪಿರಲಿಲ್ಲ. ಚಾಕು ತೆಗೆದುಕೊಂಡು ನಾನೇ ಕೊಯ್ದೆ, ಮೊದಲ ತುಂಡನ್ನು ಪಲ್ಲವಿಯ ತಟ್ಟೆಗೆ ಹಾಕಿದೆ.